ಜೀಪು ಎಡಕ್ಕೆ ವಾಲಿದ್ದೇಕೆ?



ನಿಮ್ಮ ಊರಿನಲ್ಲಿ ಹಳೆಯ ಜೀಪು ಒಂದಾದರೂ ಉಂಟಲ್ಲ? ಮುಂದಿನ ಸಲ ಅದು ಮರದಡಿ ನಿಂತಿರುವಾಗ ಹತ್ತು ಹೆಜ್ಜೆ ದೂರದಲ್ಲಿ ಎದುರು ನಿಂತು ನೋಡಿ. ಮುಂದಿನ ಬಂಪರ್ ನೆಲಕ್ಕೆ ಸಮಾಂತರವಾಗಿ ಉಂಟೋ, ಒಂದು ಬದಿಗೆ ವಾಲಿದೆಯೋ? ವಾಲಿದ್ದರೆ ಅದಕ್ಕೆ ಕಾರಣ ಏನಿರಬಹುದು? ಈ ಒಂದು ಪ್ರಶ್ನೆ ಕಳೆದ ಬೇಸಿಗೆ ರಜೆಯಲ್ಲಿ ನನ್ನನ್ನು ನಾಲ್ಕು ದಿನ ಮಣ್ಣಿನಲ್ಲಿ ಮಲಗಿಸಿತು. ಆ ನಾಲ್ಕು ದಿನದಲ್ಲಿ ನಾನು ಕಲಿತದ್ದನ್ನೂ, ನಾನು ಮಾಡಿದ ಒಂದು ತಪ್ಪನ್ನೂ ನಿಮಗೆ ಹೇಳಬೇಕು.

ಅತ್ತೆಯ ಮನೆಯ ಜೀಪು

ನನ್ನ ಅತ್ತೆಯನ್ನು ಮದುವೆ ಮಾಡಿಕೊಟ್ಟದ್ದು ವಯನಾಡಿಗೆ. ವಯನಾಡು ಸಮುದ್ರಮಟ್ಟದಿಂದ ಸುಮಾರು 700 ಮೀಟರಿಗೂ ಮೇಲಿರುವ ಗುಡ್ಡಗಾಡು. ಕಲ್ಲಿಕೋಟೆ ಕಡೆಯಿಂದ ಹೋದರೆ ತಾಮರಶ್ಶೇರಿ ಚುರಂ, ಅಂದರೆ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವು ಹತ್ತಿ ಲಕ್ಕಿಡಿಗೆ ಮುಟ್ಟಬೇಕು. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಸುಲ್ತಾನ್ ಬತ್ತೇರಿ, ಮುತ್ತಂಗ, ಬಂಡೀಪುರದ ಕಾಡು, ಆಮೇಲೆ ಗುಂಡ್ಲುಪೇಟೆ. ಹಾಗಾಗಿ ಬತ್ತೇರಿ ಕಡೆಯಲ್ಲಿ ಕನ್ನಡ ಕೇಳುವುದು ಆಶ್ಚರ್ಯವಲ್ಲ. ತಲೆತಲಾಂತರದಿಂದ ಅಲ್ಲಿ ನೆಲೆಸಿದ ಜೈನ ಮನೆತನಗಳು ಉಂಟು, ಬತ್ತೇರಿ ಪೇಟೆಯಲ್ಲೇ ಕಲ್ಲಿನ ಹಳೆಯ ಬಸದಿ ಉಂಟು. ಅತ್ತೆಯ ಮನೆಯಲ್ಲಿಯೂ ಒಳಗೆ ಕನ್ನಡ, ಅಂಗಳದಲ್ಲಿ ಮಲಯಾಳ.

ಟಾರು ರಸ್ತೆಯಿಂದ ಅವರ ಮನೆಗೆ ಒಂದೂವರೆ ಕಿಲೋಮೀಟರ್ ಕಲ್ಲುಮಣ್ಣಿನ ಏರುದಾರಿ. ಬೇಸಿಗೆಯಲ್ಲಿ ಆಟೋ ಹೇಗೋ ಹತ್ತುತ್ತದೆ. ಮಳೆ ಬಿದ್ದರೆ ಹತ್ತುವುದು ಮಾವನ ಜೀಪು ಮಾತ್ರ. ಅದು ಮಹೀಂದ್ರದ ಎಂ.ಎಂ. 540. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ, ಅಮೆರಿಕದಲ್ಲಿ ತಯಾರಾದ ವಿಲ್ಲೀಸ್ ಜೀಪಿನ ವಂಶದ ಕುಡಿ. 1947ರಲ್ಲಿ ನಮ್ಮ ದೇಶದಲ್ಲಿ ಆ ಜೀಪುಗಳನ್ನು ಜೋಡಿಸಲು ಶುರುಮಾಡಿದ್ದು ಇದೇ ಮಹೀಂದ್ರ ಕಂಪೆನಿ. ಮಾವನ ಜೀಪಿಗೆ ನಿಮ್ಮ ಅಪ್ಪನಷ್ಟು ಅಲ್ಲದಿದ್ದರೂ ನಿಮ್ಮ ಚಿಕ್ಕಪ್ಪನಷ್ಟು ವಯಸ್ಸು ಆಗಿದೆ. ಐದು ವರ್ಷಕ್ಕೊಮ್ಮೆ ರೀ-ಟೆಸ್ಟ್ ಪಾಸಾಗಿ ಇನ್ನೂ ಓಡುತ್ತಿದೆ.

ಆದರೆ ಈ ಸಲ ಹೋದಾಗ ಜೀಪು ಎಡಕ್ಕೆ ವಾಲಿತ್ತು. ಬ್ರೇಕ್ ಒತ್ತಿದರೆ ಎಡಕ್ಕೇ ಎಳೆಯುತ್ತಿತ್ತು. ಪೇಟೆಯ ಗ್ಯಾರೇಜಿನವರು ನೋಡಿ, “ಇಷ್ಟು ಹಳತಕ್ಕೆ ಯಾಕೆ ಹಣ ಹಾಕ್ತೀರಿ, ತೂಕಕ್ಕೆ ಕೊಟ್ಟುಬಿಡಿ” ಎಂದಿದ್ದರಂತೆ. ಮಾವ ಅದನ್ನು ಹೇಳುವಾಗ ನಗಲಿಲ್ಲ. ಯಾಕೆಂದರೆ ಅತ್ತೆಗೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಡಯಾಲಿಸಿಸ್ ಉಂಟು. ಮೇ ತಿಂಗಳ ಮೂರನೇ ವಾರ. ಇನ್ನು ಹತ್ತು ದಿನಕ್ಕೆ ಮಳೆಗಾಲ.

“ಮಾಷೇ, ನೀನು ವಿಜ್ಞಾನ ಕಲಿಸುವವನಲ್ವಾ? ಇದು ಯಾಕೆ ವಾಲಿತು ಹೇಳು” ಎಂದರು ಮಾವ. ಶಾಲೆಯಲ್ಲಿ ಪ್ರಶ್ನೆ ಕೇಳುವವನು ನಾನು. ಇಲ್ಲಿ ಉತ್ತರ ಕೊಡಬೇಕಾದವನೂ ನಾನೇ ಆದೆ.

ಬಿಚ್ಚುವ ಮೊದಲು ಅಳೆಯಬೇಕು

ಮಂಗಳವಾರ ಸಂಜೆ ಅವರು ಆಸ್ಪತ್ರೆಯಿಂದ ಹಿಂದೆ ಬಂದ ಮೇಲೆ ಕೆಲಸ ಶುರು. ನಾನು, ಮಾವ ಮತ್ತು ನೆರೆಮನೆಯ ಒಬ್ಬರು ಅಣ್ಣ. ಅವರು ಮೊದಲು ಲಾರಿ ಓಡಿಸುತ್ತಿದ್ದವರು, ಸ್ಪಾನರ್ ಹಿಡಿದ ಕೈ. ಅವರು ನೇರ ನಟ್ಟಿಗೇ ಕೈ ಹಾಕಿದರು. ನಾನು ತಡೆದು, ಸಮತಟ್ಟಾದ ಅಂಗಳಕ್ಕೆ ಜೀಪು ತರಿಸಿ, ಟಯರಿನ ಗಾಳಿ ಎರಡೂ ಬದಿಗೆ ಸಮ ಮಾಡಿಸಿ, ಟೇಪು ಹಿಡಿದೆ. ನೆಲದಿಂದ ಬಂಪರಿನ ಎತ್ತರ ಬಲಕ್ಕೆ 56 ಸೆಂ.ಮೀ., ಎಡಕ್ಕೆ 52 ಸೆಂ.ಮೀ.

ಆಮೇಲೆ ಒಂದು ಪ್ರಯೋಗ. ನಾವು ಮೂವರು ಮತ್ತು ಅಣ್ಣನ ಮಗ ಸೇರಿ ನಾಲ್ಕು ಜನ ಬಂಪರ್ ಮೇಲೆ ಹತ್ತಿ ನಿಂತೆವು, ಇಬ್ಬರು ಬಲಕ್ಕೆ, ಇಬ್ಬರು ಎಡಕ್ಕೆ. ಎರಡೂ ಬದಿಗೆ ಹತ್ತಿರ ಹತ್ತಿರ 120 ಕಿಲೋ. ಅತ್ತೆ ಕುರ್ಚಿಯಲ್ಲಿ ಕುಳಿತು ಟೇಪು ನೋಡಿ ಅಳತೆ ಹೇಳಿದರು. ಬಲಬದಿ 2 ಸೆಂ.ಮೀ. ತಗ್ಗಿತು. ಎಡಬದಿ 3 ಸೆಂ.ಮೀ. ತಗ್ಗಿತು.

ಇಲ್ಲಿ ನಿಮಗೆ ಹುಕ್‌ನ ನಿಯಮ ನೆನಪಾಗಬೇಕು. ಸ್ಪ್ರಿಂಗಿನ ಮೇಲೆ ಬಲ ಎಷ್ಟು ಹೆಚ್ಚುತ್ತದೋ ಅದರ ಬಾಗುವಿಕೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಇದನ್ನು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಿನಂತೆ ಪ್ರಕಟಿಸಿದ, ಬೇರೆಯವರು ಕದಿಯಬಾರದಲ್ಲ! ಎರಡು ವರ್ಷ ಬಿಟ್ಟು 1678ರಲ್ಲಿ ಒಗಟು ಬಿಡಿಸಿ ಹೇಳಿದ. ಬಲವನ್ನು ಬಾಗುವಿಕೆಯಿಂದ ಭಾಗಿಸಿದರೆ ಸಿಗುವುದು ಸ್ಪ್ರಿಂಗಿನ ಸ್ಥಿರಾಂಕ, ಅಂದರೆ ಅದು ಎಷ್ಟು ಗಟ್ಟಿ ಎನ್ನುವ ಸಂಖ್ಯೆ.

120 ಕಿಲೋ ಅಂದರೆ ಸುಮಾರು 1200 ನ್ಯೂಟನ್. ಬಲಬದಿಗೆ 1200 ÷ 0.02 = 60,000. ಎಡಬದಿಗೆ 1200 ÷ 0.03 = 40,000. ಬಂಪರ್ ಚಕ್ರಕ್ಕಿಂತ ಮುಂದೆ ಇರುವ ಕಾರಣ, ಟಯರೂ ಸ್ವಲ್ಪ ಬಾಗುವ ಕಾರಣ, ಇದು ಸ್ಪ್ರಿಂಗಿನ ನಿಖರವಾದ ಸ್ಥಿರಾಂಕ ಅಲ್ಲ. ಆದರೆ ಎಡ–ಬಲ ಹೋಲಿಸಲು ಧಾರಾಳ ಸಾಕು. ಎಡಬದಿಯ ಸ್ಪ್ರಿಂಗ್ ಬಲಬದಿಯ ಮೂರನೇ ಎರಡು ಭಾಗ ಮಾತ್ರ ಕೆಲಸ ಮಾಡುತ್ತಿದೆ. ಒಂದು ನಟ್ಟೂ ಬಿಚ್ಚದೆ ಇಷ್ಟು ಗೊತ್ತಾಯಿತು. ಎಡಗಡೆ ಏನೋ ಮುರಿದಿದೆ, ಬಲಗಡೆ ಸರಿ ಉಂಟು ಎಂದು ನಾನು ಘೋಷಿಸಿದೆ. ಇದರಲ್ಲಿ ಅರ್ಧ ಮಾತ್ರ ನಿಜ ಎಂದು ಆಮೇಲೆ ತಿಳಿಯಿತು.

ಯಾವುದಕ್ಕೆ ಹೆದರಬೇಕು?

ಜೀಪಿನ ಮುಂದಿನ ಸಸ್ಪೆನ್ಷನ್ ತುಂಬ ಸರಳ. ಎರಡು ಚಕ್ರಗಳ ನಡುವೆ ಒಂದು ಗಟ್ಟಿ ಅಚ್ಚು. ಅಚ್ಚಿನ ಎರಡೂ ಬದಿಯಲ್ಲಿ ಒಂದೊಂದು ಲೀಫ್ ಸ್ಪ್ರಿಂಗ್. ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು ಅವು, ನಮ್ಮ ಜೀಪಿನಲ್ಲಿ ಎಂಟೆಂಟು. ಪಟ್ಟಿಗಳ ಮಧ್ಯದಲ್ಲಿ ಒಂದು ತೂತು, ಅದರಲ್ಲಿ ಎಲ್ಲವನ್ನೂ ಪೋಣಿಸುವ ಒಂದು ಬೋಲ್ಟು. ಇಡೀ ಕಟ್ಟನ್ನು ಅಚ್ಚಿಗೆ ಬಿಗಿಯುವುದು ಯು ಆಕಾರದ ಎರಡು ಬೋಲ್ಟುಗಳು. ಸ್ಪ್ರಿಂಗಿನ ಒಂದು ತುದಿ ಚಾಸಿಗೆ ಪಿನ್ನಿನಲ್ಲಿ ಸಿಕ್ಕಿಸಿದೆ, ಇನ್ನೊಂದು ತುದಿ ಶ್ಯಾಕಲ್ ಎಂಬ ಉಯ್ಯಾಲೆಯಲ್ಲಿ ತೂಗುತ್ತದೆ.

ಉಯ್ಯಾಲೆ ಯಾಕೆ ಬೇಕು? ತೆಂಗಿನ ಗರಿಯ ಕಡ್ಡಿಯೊಂದನ್ನು ಬಿಲ್ಲಿನಂತೆ ಬಗ್ಗಿಸಿ ಮೇಜಿನ ಮೇಲೆ ನಿಲ್ಲಿಸಿ. ಈಗ ನಡುವನ್ನು ಬೆರಳಿನಿಂದ ಒತ್ತಿ. ತುದಿಗಳು ಹೊರಗೆ ಸರಿಯುತ್ತವೆ, ಅಲ್ಲವಾ? ಲೀಫ್ ಚಪ್ಪಟೆಯಾದಾಗ ಅದರ ತುದಿಗೂ ಸರಿಯಲು ಜಾಗ ಬೇಕು. ಆ ಜಾಗ ಕೊಡುವುದೇ ಶ್ಯಾಕಲ್. ತುಕ್ಕು ಹಿಡಿದು ಅದು ಅಲುಗಾಡದಿದ್ದರೆ ಸ್ಪ್ರಿಂಗ್ ಇದ್ದೂ ಇಲ್ಲದ ಹಾಗೆ.

ಅಣ್ಣನಿಗೆ ಸ್ಪ್ರಿಂಗಿನದೇ ಹೆದರಿಕೆ. “ಬಿಚ್ಚುವಾಗ ಚಿಮ್ಮಿದರೆ ಕೈ ಹೋಗ್ತದೆ” ಎಂದರು. ಹೆದರಿಕೆ ಸರಿಯೇ. ಆದರೆ ಎಷ್ಟು ಹೆದರಬೇಕು? ಲೆಕ್ಕ ಮಾಡಿ ನೋಡುವ.

ಸ್ಪ್ರಿಂಗಿನಲ್ಲಿ ಸಂಗ್ರಹವಾದ ಪ್ರಚ್ಛನ್ನ ಶಕ್ತಿ = ½ × ಬಲ × ಬಾಗುವಿಕೆ. ಒಂದು ಮುಂದಿನ ಸ್ಪ್ರಿಂಗ್ ಹೊರುವುದು ಸುಮಾರು 250 ಕಿಲೋ, ಅಂದರೆ 2500 ನ್ಯೂಟನ್. ಆ ಭಾರಕ್ಕೆ ಅದು ಬಾಗುವುದು ಸುಮಾರು 5 ಸೆಂ.ಮೀ. ಹಾಗಾದರೆ ½ × 2500 × 0.05 = 62.5 ಜೌಲ್. ಆರು ಕಿಲೋದ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಬೆರಳು ಜಜ್ಜಲು ಸಾಕು.

ಈಗ ಜ್ಯಾಕಿನ ಲೆಕ್ಕ. ಜೀಪಿನ ಎದುರಿನ ಭಾಗದ ಭಾರ ಸುಮಾರು 600 ಕಿಲೋ. ಅದನ್ನು ನಾವು 30 ಸೆಂ.ಮೀ. ಎತ್ತಬೇಕು. 6000 × 0.3 = 1800 ಜೌಲ್! ಸ್ಪ್ರಿಂಗಿನಲ್ಲಿ ಇರುವುದರ ಸುಮಾರು 29 ಪಟ್ಟು. ಎಲ್ಲರೂ ಸ್ಪ್ರಿಂಗಿಗೆ ಹೆದರುತ್ತಾರೆ, ಜ್ಯಾಕಿಗೆ ಹೆದರುವುದಿಲ್ಲ. ಯಾಕೆಂದರೆ ಸ್ಪ್ರಿಂಗ್ ಚಿಮ್ಮುವುದನ್ನು ಎಲ್ಲರೂ ನೋಡಿದ್ದಾರೆ, ಜ್ಯಾಕು ಸುಮ್ಮನೆ ನಿಂತಿರುತ್ತದೆ. ಸುಮ್ಮನೆ ನಿಂತದ್ದರಲ್ಲೇ ಹೆಚ್ಚು ಶಕ್ತಿ ಅಡಗಿದೆ ಎಂದು ಹೇಳುವುದು ಲೆಕ್ಕ.

ಲೆಕ್ಕ ಕೇಳಿದ ಮೇಲೆ ಅಣ್ಣ ಮಾತಾಡಲಿಲ್ಲ, ಹೋಗಿ ಹಲಸಿನ ಮರದ ನಾಲ್ಕು ದಪ್ಪ ಚೌಕ ದಿಮ್ಮಿ ಹೊತ್ತು ತಂದರು. ಹಿಂದಿನ ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು ಕೊಟ್ಟೆವು. ಜ್ಯಾಕಿನಿಂದ ಎತ್ತಿ, ಚಾಸಿಯ ಎರಡೂ ಬದಿಗೆ ದಿಮ್ಮಿಗಳನ್ನು ಅಡ್ಡ–ಉದ್ದ ಪೇರಿಸಿ, ಭಾರವನ್ನು ಅದರ ಮೇಲೆ ಕೂರಿಸಿದೆವು. ಜೀಪನ್ನು ಕೈಯಿಂದ ಬಲವಾಗಿ ಅಲುಗಾಡಿಸಿ ನೋಡಿದೆವು. ಅಲುಗಲಿಲ್ಲ. ಆಮೇಲೆಯೇ ಕೆಳಗೆ ಹೋದದ್ದು. ಜ್ಯಾಕು ಎತ್ತಲು ಮಾತ್ರ, ಹೊರಲು ಅಲ್ಲ. ಈ ಮಾತನ್ನು ನೀವು ಮನೆಯಲ್ಲಿ ದೊಡ್ಡವರಿಗೂ ಹೇಳಬೇಕು.

ಒಡೆದ ಪಟ್ಟಿ ಬರೆದಿಟ್ಟ ಕತೆ

ರಾತ್ರಿ ಎಲ್ಲ ನಟ್ಟುಗಳಿಗೂ ಸೀಮೆಎಣ್ಣೆ ಹಾಕಿ ಮಲಗಿದೆವು. ತೆಳು ಎಣ್ಣೆ ಕೇಶಾಕರ್ಷಣೆಯಿಂದ ನಟ್ಟು–ಬೋಲ್ಟಿನ ಸಂದಿಗೆ ತಾನಾಗಿ ಏರಿ ತುಕ್ಕನ್ನು ಸಡಿಲಿಸುತ್ತದೆ. ಮರುದಿನ ಬೆಳಿಗ್ಗೆ ಸ್ಪಾನರ್ ಹಾಕಿದರೆ ಬಲಬದಿಯ ಯು-ಬೋಲ್ಟುಗಳು ಕಿರುಗುಟ್ಟುತ್ತ ಬಂದವು. ಎಡಬದಿಯದ್ದೋ, ಎರಡು ನಟ್ಟುಗಳು ಬೆರಳಿನಲ್ಲೇ ತಿರುಗುವಷ್ಟು ಸಡಿಲ.

ಅಚ್ಚಿನ ಕೆಳಗೆ ಜ್ಯಾಕು ಕೊಟ್ಟು ಸ್ಪ್ರಿಂಗಿನ ಭಾರ ಇಳಿಸಿ, ಪಿನ್ನು ಕಳಚಿ, ಎಡಬದಿಯ ಲೀಫನ್ನು ಹೊರಗೆಳೆದೆವು. ತೊಳೆದು, ನಡುವಿನ ಬೋಲ್ಟು ಬಿಚ್ಚಿದೆವು. ಎರಡನೇ ಪಟ್ಟಿ ನಡುವಿನ ತೂತಿನಲ್ಲಿ ಪೂರ್ತಿ ಎರಡು ತುಂಡು. ಮೇಲಿನ ಮುಖ್ಯ ಪಟ್ಟಿಯಲ್ಲಿ ಅದೇ ತೂತಿನಿಂದ ಒಂದು ಕೂದಲೆಳೆ ಬಿರುಕು ಅಂಚಿನ ತನಕ ಹೊರಟಿತ್ತು.

ಮಕ್ಕಳೇ, ಮುರಿದ ತುಂಡಿನ ಮುಖವನ್ನು ನೋಡಬೇಕಿತ್ತು ನೀವು. ಬೇಕಲದ ಸಮುದ್ರದ ಬದಿಯಲ್ಲಿ ಅಲೆ ಹಿಂದೆ ಹೋದಾಗ ಮರಳಿನ ಮೇಲೆ ಬಾಗಿದ ಗೆರೆಗಳು ಉಳಿಯುತ್ತವಲ್ಲ, ಹಾಗೆಯೇ ಉಕ್ಕಿನ ಮೇಲೆ ಗೆರೆಗಳು! ತೂತಿನ ಹತ್ತಿರ ನುಣುಪು, ಕಪ್ಪು, ತುಕ್ಕು. ಅಂಚಿನ ಕಡೆ ಒಂದಿಷ್ಟು ಜಾಗ ಮಾತ್ರ ಒರಟು, ಸಕ್ಕರೆ ಹರಳಿನಂತೆ ಹೊಳೆಯುವುದು. ಓದಲು ಕಲಿತರೆ ಇದು ಒಂದು ದಿನಚರಿ. ನುಣುಪಾದ ಭಾಗ ಬಹಳ ದಿನ, ಸ್ವಲ್ಪ ಸ್ವಲ್ಪವೇ ಒಡೆದದ್ದು. ಒರಟಾದ ಭಾಗ ಕೊನೆಗೆ ಒಂದೇ ಸಲಕ್ಕೆ ಮುರಿದದ್ದು.

ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಒಂದೇ ಸಲ ಮುರಿಯಲು ಸಾಕಾಗದ ಸಣ್ಣ ಬಲವೂ ಲಕ್ಷ ಸಲ ಬಂದು ಹೋದರೆ ಲೋಹ ಒಡೆಯುತ್ತದೆ. 1842ರಲ್ಲಿ ಫ್ರಾನ್ಸಿನ ವರ್ಸೈಯಿಂದ ಹಿಂದಿರುಗುತ್ತಿದ್ದ ರೈಲಿನ ಎಂಜಿನಿನ ಅಚ್ಚು ಹೀಗೆಯೇ ಮುರಿದು ದೊಡ್ಡ ದುರಂತವಾಯಿತು. ಆಮೇಲೆ ಜರ್ಮನಿಯ ರೈಲ್ವೆ ಎಂಜಿನಿಯರ್ ಔಗುಸ್ಟ್ ವೊಹ್ಲರ್ 1850–60ರ ದಶಕಗಳಲ್ಲಿ ಅಚ್ಚುಗಳನ್ನು ಮತ್ತೆ ಮತ್ತೆ ಬಾಗಿಸಿ, ಎಷ್ಟು ಬಲಕ್ಕೆ ಎಷ್ಟು ಸಲದಲ್ಲಿ ಮುರಿಯುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷೆ ಮಾಡಿದ.

ಬಿರುಕು ತೂತಿನಲ್ಲೇ ಯಾಕೆ ಹುಟ್ಟಿತು? ಹರಿಯುವ ನೀರು ಕಂಬದ ಪಕ್ಕದಲ್ಲಿ ಇಕ್ಕಟ್ಟಾಗಿ ನುಗ್ಗುವ ಹಾಗೆ, ಪಟ್ಟಿಯೊಳಗಿನ ಒತ್ತಡ ತೂತಿನ ಅಂಚಿನಲ್ಲಿ ಒಟ್ಟಾಗುತ್ತದೆ. ಯು-ಬೋಲ್ಟು ಬಿಗಿಯಾಗಿದ್ದರೆ ಆ ನಡುಭಾಗ ಬಾಗುವುದೇ ಇಲ್ಲ, ತೂತಿಗೆ ತೊಂದರೆ ಇಲ್ಲ. ಸಡಿಲವಾದಾಗ ಪ್ರತಿ ಹೊಂಡಕ್ಕೂ ತೂತಿನಲ್ಲೇ ಬಾಗುತ್ತದೆ. ಅಂದರೆ ಈ ಪಟ್ಟಿಯನ್ನು ಮುರಿದದ್ದು ವಯನಾಡಿನ ಕಲ್ಲುದಾರಿ ಅಲ್ಲ, ಎರಡು ಸಡಿಲ ನಟ್ಟುಗಳು.

ಮಾವ ಮುಖ್ಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡಿದರು. ಅಚ್ಚನ್ನು ಅದರ ಜಾಗದಲ್ಲಿ ಹಿಡಿದಿಟ್ಟದ್ದು ಆ ಒಂದೇ ಪಟ್ಟಿ. ಅದೂ ಮುರಿದಿದ್ದರೆ ಎಡಚಕ್ರ ಹಿಂದಕ್ಕೆ ಸರಿದು, ಜೀಪು ಕೈಗೆ ಸಿಗದೆ ಎಡಕ್ಕೆ ತಿರುಗುತ್ತಿತ್ತು. ಆ ಏರುದಾರಿಯ ಎಡಕ್ಕೆ ಇರುವುದು ತೋಡು. ನಿನ್ನೆ ಮಂಗಳವಾರವೂ ಅತ್ತೆಯನ್ನು ಕೂರಿಸಿಕೊಂಡು ಅದೇ ದಾರಿಯಲ್ಲಿ ಇಳಿದಿದ್ದರು.

ಬೆಸುಗೆ ಬೇಡ ಎಂದದ್ದು ಯಾಕೆ

“ಬೆಸುಗೆ ಹಾಕಿದರೆ ಆಯ್ತಲ್ಲ” ಎಂದು ದಾರಿಯಲ್ಲಿ ಹೋಗುವವರೆಲ್ಲ ಸಲಹೆ ಕೊಟ್ಟರು. ಆಗುವುದಿಲ್ಲ. ಸ್ಪ್ರಿಂಗಿನ ಉಕ್ಕು ಸಾಮಾನ್ಯ ಕಬ್ಬಿಣ ಅಲ್ಲ. ನಮ್ಮಲ್ಲಿ ಲೀಫಿಗೆ ಬಳಸುವ ಒಂದು ಬಗೆಯ ಉಕ್ಕಿನಲ್ಲಿ ಶೇಕಡಾ 0.5ರಿಂದ 0.6 ಇಂಗಾಲ, 1.5ರಿಂದ 2 ಸಿಲಿಕಾನ್ ಇರುತ್ತದೆ. ಅದನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿ, ಮತ್ತೆ ಹದವಾಗಿ ಕಾಯಿಸಿ ಪೆಡಸುತನ ತೆಗೆಯುತ್ತಾರೆ. ಕಮ್ಮಾರರು ಕತ್ತಿಗೆ ಹದ ಕೊಡುವುದನ್ನು ನೋಡಿದ್ದೀರಲ್ಲ, ಅದೇ ವಿದ್ಯೆ. ಬೆಸುಗೆಯ ಬಿಸಿ ಆ ಹದವನ್ನು ಕೆಡಿಸುತ್ತದೆ. ಬೆಸುಗೆಯ ಪಕ್ಕದಲ್ಲೇ ಪಟ್ಟಿ ಪೆಡಸಾಗಿ ಮತ್ತೆ ಒಡೆಯುತ್ತದೆ, ಈ ಸಲ ಹೇಳದೆ ಕೇಳದೆ.

ಬಲಬದಿಯದ್ದನ್ನೂ ಬಿಚ್ಚಿದೆವು. ಅಲ್ಲಿ ಪಟ್ಟಿ ಯಾವುದೂ ಮುರಿದಿರಲಿಲ್ಲ. ಆದರೆ ಎಂಟೂ ಪಟ್ಟಿಗಳು ತುಕ್ಕಿನಿಂದ ಒಂದಕ್ಕೊಂದು ಅಂಟಿ ಕುಳಿತಿದ್ದವು, ಉಳಿ ಇಟ್ಟು ಬಿಡಿಸಬೇಕಾಯಿತು. ಹಾಗಾದರೆ ನಿನ್ನೆ ನಾನು ಅಳೆದ 60,000? ಅದು ಸ್ಪ್ರಿಂಗಿನ ಗಟ್ಟಿತನ ಮಾತ್ರ ಅಲ್ಲ, ತುಕ್ಕಿನದ್ದೂ ಸೇರಿತ್ತು. ಸರಿ ಇದ್ದ ಬದಿಯೂ ಸರಿ ಇರಲಿಲ್ಲ!

ಯಾಕೆ ಹೀಗೆ ಎಂದು ಕೇಳಿ. ಬಾಗುವ ಪಟ್ಟಿಯ ಗಟ್ಟಿತನ ಅದರ ದಪ್ಪದ ಘನಕ್ಕೆ ಅನುಪಾತದಲ್ಲಿ ಇರುತ್ತದೆ. ದಪ್ಪ ಎರಡು ಪಟ್ಟಾದರೆ ಗಟ್ಟಿತನ 2 × 2 × 2 = 8 ಪಟ್ಟು. ಆದರೆ ಎರಡು ಪಟ್ಟಿಗಳು ಒಂದರ ಮೇಲೊಂದು ಜಾರುತ್ತ ಬಾಗಿದರೆ ಗಟ್ಟಿತನ 2 ಪಟ್ಟು ಮಾತ್ರ. ಒಂದೇ ಉದ್ದದ ಎಂಟು ಪಟ್ಟಿಗಳೆಂದು ಸರಳ ಲೆಕ್ಕ ಹಿಡಿದರೆ ಜಾರುವ ಎಂಟು ಪಟ್ಟಿಗೆ 8 ಪಟ್ಟು, ಪೂರ್ತಿ ಅಂಟಿದ ಎಂಟು ಪಟ್ಟಿಗೆ 512 ಪಟ್ಟು. ಪುಸ್ತಕವನ್ನು ಬಗ್ಗಿಸಬಹುದು, ಅಷ್ಟೇ ದಪ್ಪದ ಹಲಗೆಯನ್ನು ಬಗ್ಗಿಸಲಾಗುವುದಿಲ್ಲ. ಭಾರ ಹೊರುವಷ್ಟು ಬಲ ಬೇಕು, ಹೊಂಡಕ್ಕೆ ಬಾಗುವಷ್ಟು ಮೆದುವೂ ಬೇಕು. ಅದಕ್ಕೇ ಒಂದು ದಪ್ಪ ಪಟ್ಟಿಯ ಬದಲು ಎಂಟು ತೆಳು ಪಟ್ಟಿ.

ಬುಧವಾರ ಮಧ್ಯಾಹ್ನ ಎರಡೂ ಲೀಫನ್ನು ಆಟೋದಲ್ಲಿ ಬತ್ತೇರಿಗೆ ಕೊಂಡುಹೋದೆವು. ಲೀಫ್ ಕೆಲಸದ ಅಂಗಡಿಯವರು ಎರಡೂ ಬದಿಗೆ ಹೊಸ ಮುಖ್ಯ ಪಟ್ಟಿ, ಎಡಕ್ಕೆ ಹೊಸ ಎರಡನೇ ಪಟ್ಟಿ ಹಾಕಿ, ಉಳಿದವನ್ನು ಉಜ್ಜಿ, ಬಾಗು ಎರಡಕ್ಕೂ ಸಮ ಮಾಡಿ ಗುರುವಾರ ಮಧ್ಯಾಹ್ನ ಕೊಟ್ಟರು. ಹೊಸ ಯು-ಬೋಲ್ಟು, ಹೊಸ ಬುಷ್, ಹೊಸ ಶಾಕ್ ಅಬ್ಸಾರ್ಬರ್ ತಂದೆವು.

ಮೆಣಸಿನ ತಕ್ಕಡಿ

ಗುರುವಾರ ಮಧ್ಯಾಹ್ನದಿಂದ ಜೋಡಣೆ. ಯು-ಬೋಲ್ಟಿನ ನಟ್ಟನ್ನು ಎಷ್ಟು ಬಿಗಿಯಬೇಕು? ಕಡಿಮೆಯಾದರೆ ಏನಾಗುತ್ತದೆ ಎಂದು ಕಣ್ಣಾರೆ ಕಂಡಾಗಿದೆ. ಹೆಚ್ಚಾದರೆ ಎಳೆ ಹರಿಯುತ್ತದೆ. ಸುಮಾರು 70 ನ್ಯೂಟನ್-ಮೀಟರ್ ಬೇಕು, ಅದನ್ನು ಅಳೆಯುವ ಸ್ಪಾನರ್ ನಮ್ಮಲ್ಲಿ ಇಲ್ಲ. ಮಾವನ ಹತ್ತಿರ ಇದ್ದದ್ದು ಕರಿಮೆಣಸು ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ.

ತಿರುಗುಬಲ = ಬಲ × ದೂರ. ನಟ್ಟಿನ ನಡುವಿನಿಂದ 35 ಸೆಂ.ಮೀ. ದೂರದಲ್ಲಿ ಸ್ಪಾನರಿಗೆ ತಕ್ಕಡಿ ಸಿಕ್ಕಿಸಿ, ಲಂಬವಾಗಿ 20 ಕಿಲೋ ತೋರಿಸುವ ತನಕ ಎಳೆದರೆ 200 × 0.35 = 70. ಮೆಣಸಿನ ತಕ್ಕಡಿ ಟಾರ್ಕ್ ಸ್ಪಾನರ್ ಆಯಿತು! ತಕ್ಕಡಿಯ ಒಳಗಿರುವುದೂ ಹುಕ್‌ನ ನಿಯಮವೇ ಅಲ್ಲವಾ? ನಾಲ್ಕೂ ನಟ್ಟುಗಳನ್ನು ಅಡ್ಡಮೂಲೆಯ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದೆವು.

ಶಾಕ್ ಅಬ್ಸಾರ್ಬರ್ ಎಂದರೆ ಆಘಾತ ಹೀರುವುದು ಎಂದು ಹೆಸರು. ನಿಜದಲ್ಲಿ ಹೊಂಡದ ಏಟನ್ನು ತೆಗೆದುಕೊಳ್ಳುವುದು ಸ್ಪ್ರಿಂಗ್. ಆದರೆ ಸ್ಪ್ರಿಂಗ್ ತೆಗೆದುಕೊಂಡದ್ದನ್ನು ಹಿಂದೆ ಕೊಡದೆ ಬಿಡುವುದಿಲ್ಲ, ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಶಾಕ್ ಅಬ್ಸಾರ್ಬರಿನೊಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ತೂತುಗಳ ಮೂಲಕ ದೂಡುತ್ತದೆ, ಕುಣಿತದ ಶಕ್ತಿ ಶಾಖವಾಗಿ ಹೋಗುತ್ತದೆ. ಹಳೆಯದು ಇದ್ದಾಗ ಬಂಪರ್ ಒತ್ತಿ ಬಿಟ್ಟರೆ ಜೀಪು ನಾಲ್ಕೈದು ಸಲ ಕುಣಿಯುತ್ತಿತ್ತು. ಈಗ ಒಮ್ಮೆ ಎದ್ದು ನಿಂತಿತು.

ನನ್ನ ತಪ್ಪು

ಗುರುವಾರ ಮುಸ್ಸಂಜೆ. ಬಂಪರಿನ ಎತ್ತರ ಬಲಕ್ಕೆ 57, ಎಡಕ್ಕೆ 56.5. ನನಗೆ ಹಿಗ್ಗೋ ಹಿಗ್ಗು. ಮಾವ ಟಾರು ರಸ್ತೆಯ ತನಕ ಇಳಿಸಿ, ಸ್ವಲ್ಪ ದೂರ ಓಡಿಸಿ ಹಿಂದೆ ಬಂದರು. ಇಳಿದವರು ಮಾತಾಡಲಿಲ್ಲ. ಆಮೇಲೆ, “ವಾಲುವುದಿಲ್ಲ. ಆದರೆ ಸ್ಟೇರಿಂಗ್ ಹಿಂದೆ ಬರುವುದಿಲ್ಲ. ವೇಗ ಕೊಟ್ಟರೆ ಚಕ್ರ ನಡುಗ್ತದೆ” ಎಂದರು.

ಟಾರ್ಚ್ ಹಿಡಿದು ಕೆಳಗೆ ಹೋದೆ. ಒಂದು ನಿಮಿಷದಲ್ಲಿ ಗೊತ್ತಾಯಿತು. ಸ್ಪ್ರಿಂಗ್ ಮತ್ತು ಅಚ್ಚಿನ ನಡುವೆ ಒಂದೊಂದು ಓರೆ ತಗಡಿನ ಚೂರು ಇತ್ತು, ಒಂದು ಅಂಚು ದಪ್ಪ, ಒಂದು ಅಂಚು ತೆಳು. ಬಿಚ್ಚುವಾಗ ಅವು ತಾವಾಗಿ ಬಿದ್ದಿದ್ದವು, ಎತ್ತಿ ಬಣ್ಣದ ಡಬ್ಬಿಗೆ ಹಾಕಿದ್ದೆ. ಯಾವ ಅಂಚು ಮುಂದೆ ಇತ್ತು ಎಂದು ಬರೆದಿರಲಿಲ್ಲ. ಹಿಂದುಮುಂದು ಹಾಕಿದ್ದೆ.

ಆ ಚೂರಿನ ಕೆಲಸ ಏನು? ಸೈಕಲ್ ನೋಡಿ. ಮುಂದಿನ ಫೋರ್ಕ್ ನೆಟ್ಟಗೆ ಇಲ್ಲ, ಓರೆಯಾಗಿ ಉಂಟು. ಹ್ಯಾಂಡಲ್ ತಿರುಗುವ ಗೆರೆಯನ್ನು ನೆಲದ ತನಕ ಎಳೆದರೆ ಅದು ಟಯರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ನೆಲಕ್ಕೆ ತಾಗುತ್ತದೆ. ಹಾಗಾಗಿ ಟಯರು ಯಾವಾಗಲೂ ಆ ಗೆರೆಯ ಹಿಂದೆ ಎಳೆಯಲ್ಪಡುತ್ತದೆ, ಹಗ್ಗ ಕಟ್ಟಿದ ಕರು ಹಿಂದೆ ಬಂದ ಹಾಗೆ, ತಾನಾಗಿ ನೇರವಾಗುತ್ತದೆ. ಜೀಪಿನ ಚಕ್ರ ತಿರುಗುವ ಪಿನ್ನೂ ಕೆಲವು ಡಿಗ್ರಿ ಹಿಂದಕ್ಕೆ ಓರೆಯಾಗಿರಬೇಕು. ಮೂರು ಡಿಗ್ರಿಯ ಚೂರು ಹಿಂದುಮುಂದಾದರೆ ಒಟ್ಟು ವ್ಯತ್ಯಾಸ ಆರು ಡಿಗ್ರಿ. ಕರುವನ್ನು ಹಿಂದಿನಿಂದ ದೂಡಿದ ಹಾಗೆ, ಎತ್ತ ಬೇಕಾದರೂ ಹೋಗುತ್ತದೆ.

ಪ್ರಯೋಗ ಪುಸ್ತಕದಲ್ಲಿ ‘ವೀಕ್ಷಣೆ’ ಎಂಬಲ್ಲಿ ನೀವು ಖಾಲಿ ಬಿಟ್ಟರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುವವನು ನಾನೇ. ಎತ್ತರ ಬರೆದೆ, ಬಾಗುವಿಕೆ ಬರೆದೆ, ಸಣ್ಣ ಚೂರೆಂದು ಇದನ್ನು ಬರೆಯಲಿಲ್ಲ.

ಕತ್ತಲೆಯಲ್ಲಿ ಜೀಪಿನ ಅಡಿಗೆ ಹೋಗಿ ಬಿಚ್ಚುವುದು ಬೇಡ ಎಂದರು ಅಣ್ಣ, ಅದು ಸರಿಯಾದ ಮಾತು. ಆದರೆ ಮರುದಿನ ಶುಕ್ರವಾರ. ರಾತ್ರಿಯಿಡೀ ಮಳೆ ಹೊಯ್ದಿತ್ತು, ಆಟೋದವರು ಮೇಲೆ ಬರಲು ಒಪ್ಪಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಅತ್ತೆ ಕೊಡೆ ಹಿಡಿದು, ಮಾವನ ಕೈ ಹಿಡಿದು, ಆ ಒಂದೂವರೆ ಕಿಲೋಮೀಟರ್ ನಡೆದೇ ಇಳಿದರು. ಎರಡು ಕಡೆ ಕಲ್ಲಿನ ಮೇಲೆ ಕುಳಿತರು. ನಾನು ಚೀಲ ಹಿಡಿದು ಹಿಂದೆ ನಡೆದೆ. ಕೆಳಗೆ ಮುಟ್ಟಿದ ಮೇಲೆ ಅತ್ತೆ ನನ್ನನ್ನು ನೋಡಿ, “ನಡೆದದ್ದು ನಾನು, ಬೆವರಿದ್ದು ನೀನು” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಹಿಂದೆ ಬಂದು ಅಣ್ಣನೊಟ್ಟಿಗೆ ಮತ್ತೆ ದಿಮ್ಮಿ ಕೊಟ್ಟು, ಯು-ಬೋಲ್ಟು ಸಡಿಲಿಸಿ, ಚೂರುಗಳನ್ನು ತಿರುಗಿಸಿದೆವು. ಈ ಸಲ ಮೊದಲು ಪುಸ್ತಕದಲ್ಲಿ ಚಿತ್ರ ಬರೆದೆ, ದಪ್ಪ ಅಂಚಿಗೆ ಬಾಣದ ಗುರುತು ಹಾಕಿದೆ. ಮತ್ತೆ ಮೆಣಸಿನ ತಕ್ಕಡಿ, ಮತ್ತೆ 20 ಕಿಲೋ. ಮಳೆ ಬಿಟ್ಟಿತ್ತು. ಅಣ್ಣ ಓಡಿಸಿದರು. ತಿರುವಿನಲ್ಲಿ ಕೈ ಸಡಿಲಿಸಿದರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬಂತು. ಕಲ್ಲುದಾರಿ ಹತ್ತಿ ಬಂದು ಶಾಕ್ ಅಬ್ಸಾರ್ಬರಿಗೆ ಕೈ ಇಟ್ಟು ನೋಡಿದೆ, ಬೆಚ್ಚಗಿತ್ತು. ಕುಣಿತ ಶಾಖವಾದದ್ದು ಅಂಗೈಗೆ ಗೊತ್ತಾಯಿತು.

ಸಂಜೆ ಅತ್ತೆ ಬಸ್ಸಿನಿಂದ ಇಳಿಯುವಾಗ ಟಾರು ರಸ್ತೆಯ ಬದಿಯಲ್ಲಿ ಜೀಪು ನೆಟ್ಟಗೆ ನಿಂತಿತ್ತು. ಮಾವ ನನ್ನ ಕೈಯಿಂದ ಕೀ ತೆಗೆದುಕೊಂಡರು. ಮೇಲೆ ಮುಟ್ಟುವ ತನಕ ಅತ್ತೆ ಕಣ್ಣು ಮುಚ್ಚಿ ಒರಗಿದ್ದರು. ಅಂಗಳದಲ್ಲಿ ನಿಂತ ಮೇಲೆ, “ಬಂತಾ? ಗೊತ್ತೇ ಆಗಲಿಲ್ಲ” ಎಂದರು.

ಮರುದಿನ ನಾಲ್ವರೂ ಮತ್ತೆ ಬಂಪರ್ ಹತ್ತಿದೆವು. ಬಲಕ್ಕೆ 2.4 ಸೆಂ.ಮೀ., ಎಡಕ್ಕೆ 2.4 ಸೆಂ.ಮೀ. ಅಂದರೆ ಎರಡೂ ಬದಿಗೆ 50,000. ಬರೆದಿಟ್ಟುಕೊಂಡೆ. ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟನ್ನು ಮತ್ತೊಮ್ಮೆ ಬಿಗಿಯಬೇಕು ಎಂದು ಮಾವನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬಂದೆ. ಅವರು ಬಿಗಿದು ಫೋನ್ ಮಾಡಿ ಹೇಳಿದರು, “ಕಾಲು ಸುತ್ತು ತಿರುಗಿತು, ಮಾಷೇ.” ಆ ಕಾಲು ಸುತ್ತೇ ಮುಂದಿನ ಬಿರುಕಿನ ಬೀಜ. ಈಗ ಅದು ಮೊಳಕೆ ಬರಲಿಕ್ಕಿಲ್ಲ.

ನೀವೂ ಮಾಡಿ ನೋಡಿ

ವಾಹನದ ಅಡಿಗೆ ನೀವು ಹೋಗುವುದು ಬೇಡ. ಮೇಜು ಸಾಕು. ಒಂದೇ ಬಗೆಯ 30 ಸೆಂ.ಮೀ.ನ ಪ್ಲಾಸ್ಟಿಕ್ ಅಳತೆಪಟ್ಟಿ ಎರಡು ತೆಗೆದುಕೊಳ್ಳಿ. ಒಂದನ್ನು 20 ಸೆಂ.ಮೀ. ಹೊರಗೆ ಚಾಚುವಂತೆ ಮೇಜಿನ ಅಂಚಿಗೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ತುದಿಗೆ ನೂಲಿನಲ್ಲಿ ಒಂದು ಪೊಟ್ಟಣ ಕಟ್ಟಿ, ಅದಕ್ಕೆ ಒಂದೇ ಬಗೆಯ ನಾಣ್ಯಗಳನ್ನು ಒಂದೊಂದಾಗಿ ಹಾಕುತ್ತ ತುದಿ ಎಷ್ಟು ತಗ್ಗಿತು ಎಂದು ಬರೆಯಿರಿ. ನಾಣ್ಯ ಮತ್ತು ತಗ್ಗಿದ ಅಳತೆಯ ಗ್ರಾಫ್ ನೇರ ಗೆರೆಯೋ ನೋಡಿ. ಆಮೇಲೆ ಎರಡೂ ಅಳತೆಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಮಾಡಿ. ಕೊನೆಗೆ ಅವೆರಡನ್ನೂ ಉದ್ದಕ್ಕೂ ಗಟ್ಟಿ ಅಂಟಿನಲ್ಲಿ ಅಂಟಿಸಿ, ಒಣಗಿದ ಮೇಲೆ ಮಾಡಿ. ಗಟ್ಟಿತನ 2 ಪಟ್ಟು ಎಲ್ಲಿ ಬಂತು, 8ರ ಹತ್ತಿರ ಎಲ್ಲಿ ಬಂತು?

ಇನ್ನೊಂದು. ಸಮತಟ್ಟಾದ ಮೈದಾನದಲ್ಲಿ ಸೈಕಲಿನ ಸೀಟು ಮಾತ್ರ ಹಿಡಿದು ಮುಂದೆ ದೂಡುತ್ತ ನಡೆಯಿರಿ. ಸೈಕಲನ್ನು ಸ್ವಲ್ಪ ಬಲಕ್ಕೆ ವಾಲಿಸಿದರೆ ಮುಂದಿನ ಚಕ್ರ ಎತ್ತ ತಿರುಗುತ್ತದೆ? ಹಿಂದಕ್ಕೆ ಎಳೆದರೆ ಏನಾಗುತ್ತದೆ?

ಕಂಡದ್ದನ್ನೆಲ್ಲ ಬರೆಯಿರಿ. ಸಣ್ಣದು ಎಂದು ಬಿಡಬೇಡಿ.